ಗೊರವ ಹಕ್ಕಿಯ ಎರಡನೆಯ ಕಾಲು

ಎಲೈ ಪಶ್ಚಿಮಾಂಬುಧಿಯೇ, ನಿನ್ನ ತರಂಗಮೃದಂಗವನ್ನು ಅರೆಗಳಿಗೆ ತಗ್ಗಿಸು! ಕೇಳಿರೈ ಸಹೃದಯರೇ, ಈ ಕಲಿಯುಗದಲ್ಲಿ, ಮಾಘಮಾಸದ ಒಂದು ಮುಂಜಾನೆ, ಹಲ್ಲಿಮೂತಿಯೆಂಬ ಭೂಶಿರದ ಬಂಡೆಗಳ ಮೇಲೆ ಇಬ್ಬರು ಮಹಾರಥರು ಸೆಣಸಿದ ಕಥೆಯನ್ನು.

ಒಬ್ಬನು ನಿವೃತ್ತ ಚಿತ್ರಕಲಾ ಶಿಕ್ಷಕ, ಸಕಲಖಗಕುಲಗೋತ್ರವಿಶಾರದ, ಪದ್ಮನಾಭ ಕೋಟ್ಯಾನ್. ಇನ್ನೊಬ್ಬನು ಬೇಕರಿಯ ಧಣಿ, ಲಕ್ಷೋಪಲಕ್ಷಬನ್ನುನಿರ್ಮಾಣಧುರಂಧರ, ಫೆಲಿಕ್ಸ್ ಲೋಬೊ. ಈ ಪಕ್ಷಿವೀಕ್ಷಕದ್ವಯರಿಗೆ ಸೇರಿ ಇದ್ದದ್ದು ಒಂದೇ ದೂರದರ್ಶಕ. ಅದನ್ನು ನಿಲ್ಲಿಸಲು ಭೀಮಗದೆಯಷ್ಟು ಭಾರದ ಒಂದು ಮುಕ್ಕಾಲಿ.

ಅಲೆಗಳು ಅಭಿಷೇಕಗೈಯುತ್ತಿದ್ದ ಕರಿಬಂಡೆಯ ತುದಿಯಲ್ಲಿ, ಹಿಮಾದ್ರಿಯನ್ನೇ ಲಂಘಿಸಿ ಬಂದ ಗೊರವ ಹಕ್ಕಿಯೊಂದು ಒಂಟಿಕಾಲಿನಲ್ಲಿ ತಪೋನಿರತವಾಗಿತ್ತು.

“ಪಾಪ, ಕುಂಟ ಹಕ್ಕಿ ಮಾರಾಯ್ರೆ,” ಎಂದನು ಲೋಬೊ.

ಅಷ್ಟೇ ಸಾಕಾಯಿತು ಸಂಗ್ರಾಮಕ್ಕೆ.

“ಎಂತ ಕುಂಟ? ಇನ್ನೊಂದು ಕಾಲು ಹೊಟ್ಟೆಯ ಪುಕ್ಕದ ಒಳಗೆ ಉಂಟು! ಈ ಕಡಲು ಬತ್ತಿದರೂ ಕೋಟ್ಯಾನನ ಮಾತು ಬತ್ತುದಿಲ್ಲ!”

“ಓವನಿನ ಬೆಂಕಿಗೆ ಹೆದರದವ ನಾನು, ನಿಮ್ಮ ಸೀಮೆಸುಣ್ಣಕ್ಕೆ ಹೆದರುದುಂಟಾ? ಕಾಲು ಇದ್ದರೆ ಇಳಿಸಲಿ, ನೋಡುವ. ಸೋತವ ಮಳೆಗಾಲದವರೆಗೆ ಈ ಮುಕ್ಕಾಲಿ ಹೊರಬೇಕು!”

ಕಡಲಿನಿಂದ ರಸ್ತೆಗೆ ಏರುವ ಕಡಿದಾದ ಮೆಟ್ಟಿಲುಗಳನ್ನು ಇಬ್ಬರೂ ಒಮ್ಮೆ ತಿರುಗಿ ನೋಡಿದರು. ಆದರೂ ಪಣ ಒಪ್ಪಿತವಾಯಿತು.

ಬಿಸಿಲೇರಿತು. ಪದ್ಮಾಸನಸ್ಥರಾದ ವೀರರು ಕದಲಲಿಲ್ಲ, ಹಕ್ಕಿಯೂ ಕದಲಲಿಲ್ಲ. ಆಗ ಐರಾವತೋಪಮವಾದ ತೆರೆಯೊಂದು ಬಂಡೆಗೆ ಬಡಿಯಿತು. ಗೊರವ ಮೇಲಕ್ಕೆ ಸರಿಯಿತು, ಅದೇ ಒಂದು ಕಾಲಿನಲ್ಲಿ ಕುಪ್ಪಳಿಸುತ್ತ!

“ಕಂಡಿತಾ? ಕಂಡಿತಾ?” ಎಂದು ಲೋಬೊ ಸಿಂಹನಾದ ಮಾಡಿದನು. ಕೋಟ್ಯಾನನ ಮುಖ ಗ್ರಹಣದ ಚಂದ್ರನಂತಾಯಿತು. ಜಯದ ಸವಿಯನ್ನು ಹತ್ತಿರದಿಂದ ನೋಡಲೆಂದು ಲೋಬೊ ದೂರದರ್ಶಕಕ್ಕೆ ಕಣ್ಣಿಟ್ಟನು. ಹಕ್ಕಿ ಸಾವಕಾಶವಾಗಿ ಪುಕ್ಕದೊಳಗಿಂದ ಇನ್ನೊಂದು ಕಾಲನ್ನು ತೆಗೆದು, ಕೆನ್ನೆಯನ್ನು ಪರಪರನೆ ಕೆರೆದುಕೊಳ್ಳುತ್ತಿತ್ತು.

ಸುಳ್ಳಾಡಲು ಅವಕಾಶವಿತ್ತು, ದೂರದರ್ಶಕದಲ್ಲಿ ನೋಡುತ್ತಿದ್ದವನು ಅವನೊಬ್ಬನೇ. ಆದರೆ ವೀರನು ವೀರನೇ.

“ಉಂಟು ಮಾರಾಯ್ರೆ. ಎರಡೂ ಉಂಟು.”

“ಹಾಗಾದ್ರೆ ಹೊರಿ!” ಎಂದು ವಿಜಯಶ್ರೀವಲ್ಲಭನಾದ ಕೋಟ್ಯಾನನು ತೋಳು ತಟ್ಟಿದನು.

ಲೋಬೊ ಏಳಲೆತ್ನಿಸಿದನು, ಕುಸಿದನು. “ಕಾಲೆರಡೂ ಜೋಮು ಹಿಡಿದಿದೆ. ಸ್ವಲ್ಪ ಎಬ್ಬಿಸಿ.”

ದೇವದುಂದುಭಿ ಮೊಳಗಲಿಲ್ಲ, ಪುಷ್ಪವೃಷ್ಟಿಯಾಗಲಿಲ್ಲ. ದಿಗ್ವಿಜಯಿಯು ಬಲಹೆಗಲಿಗೆ ಮುಕ್ಕಾಲಿಯನ್ನೂ ಎಡಹೆಗಲಿಗೆ ಲೋಬೊನನ್ನೂ ಏರಿಸಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತತೊಡಗಿದನು.

“ಸ್ವಲ್ಪ ನಿಧಾನ ಮಾರಾಯ್ರೆ,” ಎಂದನು ಪರಾಜಿತನು, “ಮುಕ್ಕಾಲಿ ನನ್ನ ತಲೆಗೆ ತಾಗ್ತದೆ.”