ನಾಲ್ಕು ಕಚ್ಚಿನ ಕೀಲಿಕೈ

ಬ್ಯಾಂಕಿನ ಕ್ಯಾಷ್ ಕೌಂಟರಿನ ಮೇಡಂ ಆಡಿದ ಮಾತು ಬೀಗದಣ್ಣನ ಎದೆಯಲ್ಲಿ ಇಂದಿಗೂ ಚುಚ್ಚುತ್ತದೆ. ಅಂದು ಅವನ ಹಿಂದೆ ಸಾಲಿನಲ್ಲಿ ಹನ್ನೊಂದು ಜನ ನಿಂತಿದ್ದರು. ಎಣಿಸಿದ್ದಾನೆ. ಅವರೆಲ್ಲರ ಎದುರು ಆಕೆ ಅವನ ಎಟಿಎಂ ಕಾರ್ಡನ್ನು ತಿರುಗಿಸಿ ಹಿಡಿದು ಕೇಳಿದ್ದಳು:

"ಏನ್ ಯಜಮಾನ್ರೇ, ಪಿನ್ ನಂಬರನ್ನ ಕಾರ್ಡಿನ ಹಿಂದೇನೇ ಬರ್ಕೊಂಡಿದೀರಲ್ಲ? ಊರಿಗೆಲ್ಲ ಬೀಗ ರಿಪೇರಿ ಮಾಡೋರು, ನಿಮ್ಮ ಬಾಗಿಲಿಗೇ ಕೀ ನೇತುಹಾಕಿದೀರಾ?"

ಹನ್ನೊಂದೂ ಜನ ನಕ್ಕರು. ಬೀಗದಣ್ಣನ ಮೈ ಉರಿದುಹೋಯಿತು. ಓದಿದ್ದು ಐದನೇ ಕ್ಲಾಸಾದರೂ, ಇಪ್ಪತ್ತೆಂಟು ವರ್ಷದಲ್ಲಿ ಅವನ ಕೈಗೆ ಬಗ್ಗದ ಬೀಗ ಹುಟ್ಟಿಲ್ಲ. ಅಂಥವನಿಗೆ ಕಳ್ಳರ ಬಗ್ಗೆ ಪಾಠವೇ? ಅಂದೇ ಪಿನ್ ಬದಲಾಯಿಸಿಕೊಂಡು ಅಂಗಡಿಗೆ ಬಂದು, ಹೆಂಡತಿಯ ಎದುರು ಘೋಷಣೆ ಹೊರಡಿಸಿದ.

"ಇನ್ನು ನನ್ನ ನಂಬರು ಕಳ್ಳನಿಗಲ್ಲ, ಕಳ್ಳನ ತಾತನಿಗೂ ಸಿಗಲ್ಲ."

"ಎಲ್ಲಿ ಬರೆದಿಟ್ರಿ?"

"ಬರೆಯೋದೆಲ್ಲ ಓದಿದೋರ ಕೆಲಸ."

"ನನಗಾದ್ರೂ ಹೇಳ್ರೀ."

"ಹೇಳಬಾರ್ದು ಅಂತ ಬ್ಯಾಂಕಿನ ಗೋಡೆ ಮೇಲೇ ಬರೆದಿದೆ."

"ಹೆಂಡತಿಗೆ ಹೇಳಬಾರ್ದು ಅಂತ ಬರೆದಿದ್ಯಾ?"

"ಯಾರಿಗೂ ಅಂತ ಬರೆದಿದೆ. ಯಾರಿಗೂ ಅಂದ್ರೆ ಮೊದಲು ನೀನೇ."

ಅವನು ಮಾಡಿದ್ದಿಷ್ಟು. ಹಲ್ಲು ಕೊರೆಯದ ಒಂದು ಹೊಸ ಕೀ ತೆಗೆದುಕೊಂಡು ಅದರಲ್ಲಿ ನಾಲ್ಕು ಅಂಕಿಗೆ ನಾಲ್ಕು ಕಚ್ಚು ಹಾಕಿದ. ಅಂಕಿ ಎಷ್ಟೋ ಅಷ್ಟು ಸಲ ಲೋಹ ಉಜ್ಜುವ ಅರದ ಎಳೆತ. ನಾಲ್ಕಕ್ಕೆ ನಾಲ್ಕು ಎಳೆತ, ಏಳಕ್ಕೆ ಏಳು. ಹೆಬ್ಬೆರಳು ಸವರಿದರೆ ಸಾಕು, ಯಾವ ಕಚ್ಚು ಎಷ್ಟು ಆಳ ಎಂದು ಅವನಿಗೆ ತಿಳಿಯುತ್ತಿತ್ತು. ಬೇರೆಯವರ ಕಣ್ಣಿಗೆ ಅದು ಮಾಮೂಲಿ ಕೀ. ಅದನ್ನು ಅಂಗಡಿಯ ಗೋಡೆಯಲ್ಲಿ, ಮುನ್ನೂರು ಕೀಗಳ ಜೊತೆ, ಕೊನೆಯ ಮೊಳೆಗೆ ತೂಗುಹಾಕಿದ. ಆಮೇಲೆ ಆ ನಂಬರನ್ನು ತಲೆಯಿಂದ ಆಚೆ ಅಟ್ಟಿ ಹಾಯಾಗಿದ್ದುಬಿಟ್ಟ.

ಐದು ತಿಂಗಳು ಆ ಕೀಗೆ ಕೆಲಸವೇ ಬೀಳಲಿಲ್ಲ. ಬಿದ್ದದ್ದು, ಮೂಲೆ ಅಂಗಡಿಯ ಮುದುಕ ಮೇಸ್ತ್ರಿ ಕಸುಬು ಬಿಟ್ಟು ತನ್ನ ಕೀ ಕೊರೆಯುವ ಮೆಷಿನ್ನನ್ನು ಮಾರಲು ಹೊರಟಾಗ. ಆ ಮೆಷಿನ್ನಿನ ಮೇಲೆ ಬೀಗದಣ್ಣನಿಗೆ ಆರು ವರ್ಷದಿಂದ ಕಣ್ಣು. ಎದುರಂಗಡಿಯ ಬೀಗದವನಿಗೂ ಕಣ್ಣು. "ನಾಲ್ಕು ಗಂಟೆಯೊಳಗೆ ದುಡ್ಡು ತಂದ್ರೆ ನಿನಗೆ, ಇಲ್ಲಾಂದ್ರೆ ಅವನಿಗೆ" ಎಂದು ಮೇಸ್ತ್ರಿ ಖಡಾಖಂಡಿತ ಹೇಳಿದ್ದ.

ಮೂರು ಗಂಟೆಗೆ ಬೀಗದಣ್ಣ ಎಟಿಎಂನಿಂದ ದುಡ್ಡು ತೆಗೆಯಲು ಹೊರಟು ಕೊನೆಯ ಮೊಳೆಗೆ ಕೈಹಾಕಿದ. ಮೊಳೆ ಇತ್ತು. ಕೀ ಇರಲಿಲ್ಲ.

"ಲೇ, ಇಲ್ಲಿದ್ದ ಕೀ ಎಲ್ಲೇ?"

"ಕೊನೇ ಮೊಳೇದಾ? ಮಾರಿದೆ."

"ಮಾರಿದ್ಯಾ?"

"ನಿನ್ನೆ ನೀವು ಊಟಕ್ಕೆ ಹೋದಾಗ ಒಬ್ರು ಮೇಜಿನ ಡ್ರಾಯರಿನ ಬೀಗ ತಂದಿದ್ರು. ಮೊಳೆ ಮೇಲಿರೋದನ್ನೆಲ್ಲ ಹಾಕಿ ನೋಡ್ದೆ. ಅದೊಂದೇ ಒಳಗೆ ಹೋಯ್ತು. ಮೂರನೇ ಕಚ್ಚು ಹಿಡ್ಕೋತಿತ್ತು, ಅರ ಹಾಕಿ ಸರಿಮಾಡಿ ಕೊಟ್ಟೆ. ಬೇರೆ ಗಂಡನಾಗಿದ್ರೆ ಶಭಾಷ್ ಅಂತಿದ್ದ."

"ಕೊಟ್ಟಿದ್ದು ಯಾರಿಗೆ?"

"ಬ್ಯಾಂಕಲ್ಲಿ ಕ್ಯಾಷ್ ಕೌಂಟರಲ್ಲಿ ಕೂರ್ತಾರಲ್ಲ, ಆ ಮೇಡಂಗೆ. ಚಿಲ್ಲರೆ ಇರ್ಲಿಲ್ಲ, ದುಡ್ಡು ಆಮೇಲೆ ಕೊಡ್ತೀನಿ ಅಂದ್ರು."

ಬೀಗದಣ್ಣ ಎಟಿಎಂ ಕಾರ್ಡನ್ನು ಜೇಬಿಗೆ ತುರುಕಿಕೊಂಡ. ಯಾರ ಬಾಯಿಗೆ ಹೆದರಿ ಇಷ್ಟೆಲ್ಲ ಸಾಹಸ ಮಾಡಿದನೋ, ಅವನ ನಂಬರು ಹೋಗಿ ಹೋಗಿ ಅವಳ ಕೀಗೊಂಚಲಿಗೇ ಸೇರಿತ್ತು. ಅದೂ ಸಾಲದ ಲೆಕ್ಕದಲ್ಲಿ.

ಓಡಿದ. ಬ್ಯಾಂಕಿನಲ್ಲಿ ಸಾಲು ಕಾದು ಕೌಂಟರು ಮುಟ್ಟುವ ಹೊತ್ತಿಗೆ ಮೂರೂವರೆ.

"ಮೇಡಂ, ನಿನ್ನೆ ನಮ್ಮಂಗಡೀಲಿ ತಗೊಂಡ ಕೀ ಒಂದ್ನಿಮಿಷ ಕೊಡಿ."

"ಯಾಕೆ? ಚೆನ್ನಾಗೇ ತಿರುಗ್ತಿದೆಯಲ್ಲ."

"ತಿರುಗ್ತಿರೋದೇ ತೊಂದರೆ."

ಕೀ ಹಿಡಿದು ಬ್ಯಾಂಕಿನ ಬಾಗಿಲ ಪಕ್ಕದ ಎಟಿಎಂಗೆ ಹೋದ. ಹೆಬ್ಬೆರಳಿಗೆ ನಾಲ್ಕು, ಏಳು, ಐದು, ಎಂಟು ಸಿಕ್ಕವು. ಆ ಐದರಲ್ಲಿ ಹೆಂಡತಿಯ ಅರದ ಪಾಲು ಎಷ್ಟು? ಫೋನು ಹಚ್ಚಿದ.

"ಮೂರನೇ ಕಚ್ಚಿಗೆ ಎಷ್ಟು ಸಲ ಅರ ಎಳೆದೆ?"

"ಎಣಿಸ್ಕೊಂಡು ಎಳೀತಾರೇನ್ರೀ? ಎರಡೋ ಮೂರೋ."

ಮೂರನೇ ಅಂಕಿಗೆ ಎರಡು ಕಳೆದು ಮೂರು ಒತ್ತಿದ. ಮೆಷಿನ್ನು ತಪ್ಪು ಎಂದಿತು. ಮೂರು ಕಳೆದು ಎರಡು ಒತ್ತಿದ. ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಕಾರ್ಡೇ ಬಂದ್.

"ನಿಜ ಹೇಳೇ, ಎಷ್ಟು?"

"ಕಿರುಚಬೇಡಿ. ನನ್ನ ಕೈ ನಿಮ್ಮ ಕೈಯಷ್ಟು ಭಾರ ಅಲ್ಲ. ನನ್ನ ಎರಡು ಎಳೆತ ನಿಮ್ಮ ಒಂದಕ್ಕೆ ಸಮ."

"ಹಾಗಾದ್ರೆ ನಾಲ್ಕು, ಏಳು, ನಾಲ್ಕು, ಎಂಟಾ?"

ಅವನ ಗಂಟಲು ರಸ್ತೆಯಾಚೆಗೂ ಕೇಳುವಂಥದ್ದು. ಹಿಂದೆ ನಿಂತಿದ್ದ ಹಿರಿಯರೊಬ್ಬರು ಕನಿಕರದಿಂದ, "ಮೂರನೇದು ಮೂರು ಒತ್ತಿ ನೋಡಿ" ಎಂದರು.

"ಒತ್ತಾಯ್ತು ಸ್ವಾಮಿ!"

"ಹಾಗಾದ್ರೆ ನಾಲ್ಕೇ ಇರ್ಬೇಕು" ಎಂದರು ಅವರ ಹಿಂದಿನವರು.

ಇಡೀ ಸಾಲಿನ ಒಮ್ಮತದಿಂದ ನಾಲ್ಕು ಒತ್ತಿದ. ಕಾರ್ಡು ಬಂದ್ ಆಯಿತು. ಕಿವಿಯಲ್ಲಿದ್ದ ಫೋನಿನಿಂದ ಹೆಂಡತಿಯ ದನಿ ಬಂತು: "ರೀ, ಈಗ ನೆನಪಾಯ್ತು. ಕೊನೇ ಕಚ್ಚಿಗೂ ಒಂಚೂರು ಅರ ಹಾಕಿದ್ದೆ."

ಬೇರೆ ದಾರಿಯಿಲ್ಲದೆ ಕೌಂಟರಿಗೆ ಮರಳಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಒಪ್ಪಿಸಿದ. ಮೇಡಂ ಕೀಯನ್ನೂ ಅವನ ಮುಖವನ್ನೂ ನೋಡಿದಳು.

"ಯಜಮಾನ್ರೇ, ಆಗ ಕೀ ಕೇಳೋವಾಗ ನೀವು ನಿಂತಿದ್ದು ಯಾವ ಕೌಂಟರಲ್ಲಿ?"

"ಇದರಲ್ಲೇ."

"ನಾನಿಲ್ಲಿ ಕೂತಿರೋದು ಯಾತಕ್ಕೆ? ದುಡ್ಡು ತೆಗೆಯೋ ಚೀಟಿ ತುಂಬಿ ಸಹಿ ಹಾಕಿದ್ರೆ, ನಂಬರೇ ಇಲ್ದೆ ಆಗಲೇ ಕೈಗೆ ಕೊಡ್ತಿದ್ದೆ. ಈಗ ಟೈಮಾಯ್ತು, ಕ್ಯಾಷ್ ಮುಚ್ಚಿದೀನಿ." ಹೀಗೆಂದು ಅವನ ಕೈಯಿಂದ ಕೀ ಇಸಿದುಕೊಂಡು, ಅವನ ಕಣ್ಣೆದುರೇ ಡ್ರಾಯರಿಗೆ ಬೀಗ ಹಾಕಿದಳು. ಬೀಗ ಬೆಣ್ಣೆಯ ಹಾಗೆ ತಿರುಗಿತು. ಹೆಂಡತಿಯ ಕೆಲಸ ಅಚ್ಚುಕಟ್ಟು ಎಂದು ಆ ಸಂಕಟದಲ್ಲೂ ಬೀಗದಣ್ಣನಿಗೆ ಅನ್ನಿಸದೆ ಇರಲಿಲ್ಲ.

ಆ ಮೆಷಿನ್ನು ಈಗ ಎದುರಂಗಡಿಯಲ್ಲಿ ದಿನವಿಡೀ ಕಿರ್ರೆನ್ನುತ್ತದೆ. ಬೀಗದಣ್ಣ ಇಂದಿಗೂ ಕೈಯಲ್ಲೇ ಅರ ಎಳೆಯುತ್ತಾನೆ. ಪ್ರತಿ ಎಳೆತಕ್ಕೂ ಆ ಮೇಡಂ ನೆನಪಾಗುತ್ತಾಳೆ, ಜೊತೆಗೆ ಅವಳು ಕೊಡದೆ ಉಳಿಸಿಕೊಂಡ ಕೀ ದುಡ್ಡೂ ನೆನಪಾಗುತ್ತದೆ. ಕಳೆದ ತಿಂಗಳು ಧೈರ್ಯ ಮಾಡಿ ಕೌಂಟರಿನಲ್ಲಿ ಕೇಳಿಯೂಬಿಟ್ಟ.

"ಮೇಡಂ, ಆ ಕೀದು ದುಡ್ಡು..."

"ಯಾವ ಕೀ ಯಜಮಾನ್ರೇ? ನಿಮ್ಮ ನಂಬರ್ ಇದ್ದಿದ್ದಾ?"

ಬೀಗದಣ್ಣ ಮೆಲ್ಲಗೆ ಹಿಂತಿರುಗಿ ಎಣಿಸಿದ. ಹದಿನಾಲ್ಕು ಜನ.

"ಏನಿಲ್ಲ ಮೇಡಂ" ಎಂದ.