ದೇವಿಗೆ ನಾನು ಹಾಕಿದ ಪಾಟೀಸವಾಲು

ಕೆಲವರಿಗೆ ದೇವರು ಕಾಣುತ್ತಾನೆ. ಕೆಲವರಿಗೆ ಹಾಗೆ ಕಂಡವರನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ. ನಾನು ಎರಡನೆಯ ಜಾತಿ. ಎಂಬತ್ತರ ದಶಕದಲ್ಲಿ ಬ್ಯಾಂಕಿನವರು ಬರೋಡಕ್ಕೆ ವರ್ಗ ಮಾಡಿದಾಗ, ಮಂಜಲ್‌ಪುರದ ಮನೆಗೆ ಈ ಚಡಪಡಿಕೆಯನ್ನೂ ಪಾತ್ರೆಪಡಗದ ಜೊತೆ ಕಟ್ಟಿಕೊಂಡು ಹೋಗಿದ್ದೆ. ಅದನ್ನು ಹೆಚ್ಚಿಸಿದ್ದು ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪತ್ರಿಕೆ. ಅಮೆರಿಕದಲ್ಲಿ ಮಾರ್ಮನ್ ಪಂಥ ಹುಟ್ಟಿಸಿದಾತನಿಗೆ ಹುಡುಗನಾಗಿದ್ದಾಗಲೇ ಕಾಡಿನಲ್ಲಿ ದೇವರು ಕಾಣಿಸಿದನಂತೆ. ಆಮೇಲೆ ದೇವದೂತನೊಬ್ಬ ಚಿನ್ನದ ತಗಡುಗಳ ಗ್ರಂಥ ತೋರಿಸಿದನಂತೆ. ನಂಬದವರ ವಾದವೂ ಅಲ್ಲಿತ್ತು: ಈತ ಟೋಪಿಯೊಳಗೆ ಕಲ್ಲಿಟ್ಟು, ಅದರಲ್ಲಿ ಮುಖ ಹುದುಗಿಸಿ ನಿಧಿ ಹುಡುಕಲು ಹೊರಡುತ್ತಿದ್ದವನು, ದರ್ಶನದ ಕಥೆಯನ್ನೂ ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದಾನೆ. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಹೈಸ್ಕೂಲು ಓದಿದ ಗುಮಾಸ್ತನಿಗೆ ವಕೀಲರ ಕೋಟು ಸಿಕ್ಕಂತಾಯಿತು.

ಅದನ್ನು ತೊಡಲು ಅವಕಾಶ ಕೊಟ್ಟವಳು ನನ್ನ ಹೆಂಡತಿ ಸುಮತಿ. ನವರಾತ್ರಿಯ ಒಂದು ಬೆಳಿಗ್ಗೆ ಇಡ್ಲಿ ಬಡಿಸಿ ಎದುರು ಕೂತಳು. "ರೀ, ನಿನ್ನೆ ನಮ್ಮ ಸೊಸೈಟಿ ಮನೆಗಳ ಅಂಗಳದಲ್ಲಿ ಗರಬಾ ಆಡ್ತಿದ್ದೆವಲ್ಲ, ನಡುವೆ ತೂತಿನ ಮಡಕೆಯೊಳಗೆ ದೀಪ ಇಟ್ಟಿರ್ತಾರೆ ನೋಡಿ, ಆ ಬೆಳಕಿನಲ್ಲಿ ಅಮ್ಮನವರು ಕಂಡ್ರು. ಕೆಂಪು ಸೀರೆ. ಕನ್ನಡದಲ್ಲೇ ಮಾತಾಡಿಸಿದ್ರು."

"ಏನಂತ?"

"ಊಟ ಆಯ್ತಾ ಅಂತ ಕೇಳಿದ್ರು. ಆಮೇಲೆ..."

ನಾನು ನಕ್ಕುಬಿಟ್ಟೆ. "ಮೊನ್ನೆಯಿಂದ ಉಪವಾಸ, ಅದರ ಮೇಲೆ ಗಿರಗಿರ ಸುತ್ತಿದ್ದೀಯ. ಹಸಿವೇ ದೇವಿಯಾಗಿ ಬಂದಿದೆ. ಅಲ್ಲದೆ, ಪಕ್ಕದ ಮನೆಯಾಕೆಗೆ ಹಸಿರು ಸೀರೆ ಅಂದಿದ್ದೆಯಲ್ಲ? ನಾನೇ ಕೇಳಿಸಿಕೊಂಡೆ!" ಹೀಗೆ ಶುರುವಾದ ಪಾಟೀಸವಾಲು ಅಮೆರಿಕದ ಟೋಪಿಯವರೆಗೂ ಹೋಯಿತು.

ಈ ವಿಜಯವನ್ನು ಊರಿನ ಇನ್ನೊಂದು ತುದಿಯ ಗೋರ್ವಾದಲ್ಲಿ ಉಡುಪಿ ಹೋಟೆಲು ನಡೆಸುತ್ತಿದ್ದ ರಾಮಣ್ಣನಿಗೆ ಹೋದಾಗಲೆಲ್ಲ ಬಣ್ಣಿಸುತ್ತಿದ್ದೆ. ಒಂದು ಭಾನುವಾರ ಆತ ಗಲ್ಲಾದಿಂದಲೇ ಕೂಗಿದ: "ಮಾರಾಯ್ರೇ, ಹೋದ ವಾರ ಅಕ್ಕ ಬಾಯಿ ಮುಚ್ಚಿ ಕೂತ್ರು ಅಂದ್ರಿ. ಇವತ್ತು ಹೌದು ಹೌದು ಅಂತ ತಲೆಯಾಡಿಸಿದ್ರು ಅಂತೀರಿ. ನಿಮಗಿಂತ ಆ ಅಮೆರಿಕದವನೇ ವಾಸಿ!"

ದೋಸೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮನೆಗೆ ಬಂದವನೇ ಕೇಳಿದೆ, "ನಾನು ಅವತ್ತು ವಿವರಿಸಿದಾಗ ನೀನು ಸುಮ್ಮನಿದ್ದೆಯೋ, ತಲೆಯಾಡಿಸಿದೆಯೋ?"

"ಎರಡೂ ಇಲ್ಲ. ನೀವು ನಗೋಕೆ ಶುರು ಮಾಡಿದ ಕೂಡಲೇ ಎದ್ದು ಹೋಗಿ ಬಟ್ಟೆ ಒಗೆದೆ. ಒಗೆದು ಬಂದಾಗಲೂ ಒಬ್ಬರೇ ಮಾತಾಡ್ತಾ ಇದ್ರಿ."

"ಆಮೇಲೆ ಅಂತ ನಿಲ್ಲಿಸಿದೆಯಲ್ಲ, ಆಮೇಲೇನು ಹೇಳಿದಳು ದೇವಿ?"

"ಅದು ನಂಗೂ ಅಮ್ಮನವರಿಗೂ ಇರೋ ಮಾತು. ನಿಮಗ್ಯಾಕೆ?"

ಇಂದಿಗೂ ಹೇಳಿಲ್ಲ. ಈ ವಯಸ್ಸಿನಲ್ಲಿ ಹೂವು ತಂದುಕೊಟ್ಟು ಕೇಳಿದ್ದೇನೆ, ತಪ್ಪಾಯಿತೆಂದು ಕೇಳಿದ್ದೇನೆ. ಹೂವು ಮುಡಿದುಕೊಂಡಳು, ಅಷ್ಟೆ. ನನ್ನನ್ನು ಕೂತಲ್ಲಿ ಕೂರಲು ಬಿಡದ ಸಂಗತಿ ಇನ್ನೊಂದಿದೆ. ಅವತ್ತು ಸುಮತಿ ಬಟ್ಟೆ ಒಗೆಯುತ್ತಿದ್ದ ಹೊತ್ತಿನಲ್ಲಿ ಎದುರು ಕೂತು, ನನ್ನ ಮಾತಿಗೆಲ್ಲ ತಲೆಯಾಡಿಸಿದ ಹೆಂಗಸನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಉಪವಾಸವಿರಲಿಲ್ಲ, ಗಿರಗಿರ ಸುತ್ತಿರಲೂ ಇಲ್ಲ. ಹೊಟ್ಟೆತುಂಬ ಇಡ್ಲಿ ತಿಂದಿದ್ದೆ.