ತಂದೆಯ ಸಹಿಯೇ ಬೇಕಂತೆ

ಮನುಷ್ಯನಿಗೆ ತಾನು ಯಾರು ಎಂಬುದು ಸರಿಯಾಗಿ ತಿಳಿಯಬೇಕಾದರೆ ತಪಸ್ಸು ಮಾಡಬೇಕಾಗಿಲ್ಲ, ದೂರದ ಯಾವುದಾದರೂ ಸರ್ಕಾರಕ್ಕೆ ಒಂದು ಅರ್ಜಿ ಹಾಕಿದರೆ ಸಾಕು. ನನಗೆ ಈ ಜ್ಞಾನೋದಯವಾದದ್ದು ಐವತ್ತರ ದಶಕದ ಕೊನೆಯಲ್ಲಿ. ಅಲ್ಲಿಯ ತನಕ ಕಾಪುವಿನ ನಮ್ಮ ಮನೆಗೆ ನಾನೇ ಯಜಮಾನ ಎಂದು ತಿಳಿದಿದ್ದೆ. ಊರೂ ಹಾಗೆಯೇ ತಿಳಿದಿತ್ತು. ನಮ್ಮದು ಅಳಿಯಸಂತಾನದ ಕುಟುಂಬ. ಮನೆ ಅಕ್ಕತಂಗಿಯರದ್ದು, ಆಡಳಿತ ಅವರ ಅಣ್ಣತಮ್ಮಂದಿರದ್ದು. ಮಕ್ಕಳ ಶಾಲೆ, ಮದ್ದು, ಮದುವೆ ಎಲ್ಲವೂ ಸೋದರಮಾವನ ತೀರ್ಮಾನ. ತಂದೆ ಎಂಬವರು ತಮ್ಮ ತಾಯಿಮನೆಯಲ್ಲಿ ಇದ್ದುಕೊಂಡು ಶನಿವಾರ ಸಂಜೆಯ ಬಸ್ಸಿಗೆ ಬರುವುದು, ಸೋಮವಾರ ಬೆಳಿಗ್ಗೆ ಹಿಂದಿರುಗುವುದು. ನನ್ನ ಅಕ್ಕನ ಗಂಡ, ಅಂದರೆ ನನ್ನ ಭಾವ, ಕಾರ್ಕಳದಿಂದ ಹಾಗೆಯೇ ಬರುತ್ತಿದ್ದರು. ನಾನೂ ಅದೇ ಶನಿವಾರ ಹೆಜಮಾಡಿಯಲ್ಲಿದ್ದ ನನ್ನ ಹೆಂಡತಿಯ ಮನೆಗೆ ಹೊರಟು, ಮಗಳು ಲಲಿತೆಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟು ಬರುತ್ತಿದ್ದೆ. ಹೀಗಾಗಿ ಭಾವನೂ ನಾನೂ ಎದುರಾಗುತ್ತಿದ್ದದ್ದು ಹೆಚ್ಚಾಗಿ ಬಸ್ ನಿಲ್ಲುವಲ್ಲಿ. "ಹೊರಟಿರಾ?" ಎಂದು ಅವರು ಕೇಳುತ್ತಿದ್ದರು. "ಬಂದಿರಾ?" ಎಂದು ನಾನು ಕೇಳುತ್ತಿದ್ದೆ. ನಮ್ಮ ನಡುವೆ ಅದಕ್ಕಿಂತ ಹೆಚ್ಚಿನ ಮಾತಿಗೆ ಅಗತ್ಯವೇ ಬಿದ್ದಿರಲಿಲ್ಲ.

ಅಕ್ಕನ ಮಗಳು ಸುಮತಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ ಕಾರ್ಕಳದವನು, ಆಫ್ರಿಕಾದ ಒಂದು ಬಂದರು ಪಟ್ಟಣದಲ್ಲಿ ಗುಮಾಸ್ತ. ರಜೆ ಸಿಗುವುದಿಲ್ಲ, ಹುಡುಗಿಯೇ ಹಡಗಿನಲ್ಲಿ ಬರಬೇಕು, ಮದುವೆ ಅಲ್ಲಿಯೇ ರಿಜಿಸ್ಟ್ರಾರರ ಮುಂದೆ ಎಂದು ಮಾತಾಯಿತು. ಜೊತೆಗೆ ಹೋಗಲು ಅವನ ಚಿಕ್ಕಮ್ಮ ಸಿದ್ಧರಿದ್ದರು. ನಾನು ಶಾಲೆಯ ಮಾಸ್ತರ, ವಿಚಾರಣೆ ಎಂದರೆ ಆಳವಾಗಿಯೇ ಆಗಬೇಕು. ಕಾರ್ಕಳಕ್ಕೆ ಹೋಗಿ ಹೋಟೆಲಿನವರನ್ನು ಕೇಳಿದೆ, ಅಂಚೆಯವನನ್ನು ಕೇಳಿದೆ, ಬಸ್ಸಿನ ಏಜೆಂಟನನ್ನು ಕೇಳಿದೆ. ಎಲ್ಲರೂ ಹುಡುಗನನ್ನು ಹೊಗಳಿದರು. ಸಮಾಧಾನದಿಂದ ಹಿಂದಿರುಗಿ ಹುಡುಗನ ಫೋಟೋವನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಕಾರ್ಕಳದ ಪೇಟೆಯಲ್ಲಿ ನಾನು ವಿಚಾರಿಸದೆ ಬಿಟ್ಟವರು ಒಬ್ಬರೇ, ಅಲ್ಲಿ ಸ್ಲೇಟು, ಬಳಪ, ಬೀಡಿಯ ಅಂಗಡಿ ಇಟ್ಟುಕೊಂಡಿದ್ದ ನನ್ನ ಭಾವ. ಅವರ ಅಂಗಡಿಯ ಎದುರಿನಿಂದಲೇ ಎರಡು ಸಲ ನಡೆದುಹೋಗಿದ್ದೆ.

ಆಮೇಲೆ ಬಂತು ಆಫ್ರಿಕಾದ ರಿಜಿಸ್ಟ್ರಾರರ ಕಾಗದ. ಇಲ್ಲಿಂದ ಗಂಟುಮೂಟೆ ಕಟ್ಟಿದ ಬ್ರಿಟಿಷರು ಅಲ್ಲಿ ಇನ್ನೂ ಕುಳಿತಿದ್ದರು, ಕಾಯಿದೆಯೂ ಅವರದ್ದೇ. ಮಣಿಪಾಲದ ಗುಡ್ಡದ ಮೇಲೆ ಮನೆ ಕಟ್ಟಿಸಿಕೊಂಡಿದ್ದ ಒಬ್ಬ ವಕೀಲರ ಬಳಿಗೆ ಅದನ್ನು ಒಯ್ದೆ. ಅವರು ಕನ್ನಡಕ ಏರಿಸಿ ಒಂದೊಂದಾಗಿ ಹೇಳಿದರು. ವಯಸ್ಸಿಗೆ ದಾಖಲೆ ಬೇಕು. ಹುಡುಗಿಗೆ ಮೊದಲು ಮದುವೆಯಾಗಿಲ್ಲ ಎಂದು ಪ್ರಮಾಣ ಮಾಡಬೇಕು. ಇಬ್ಬರ ಹೆಸರನ್ನೂ ಅಲ್ಲಿಯ ಕಚೇರಿಯ ಗೋಡೆಗೆ ಅಂಟಿಸುತ್ತಾರೆ, ತಕರಾರು ಇದ್ದವರು ಬಂದು ಹೇಳಬಹುದು. ಹುಡುಗಿಗೆ ಇಪ್ಪತ್ತೊಂದು ತುಂಬಿಲ್ಲವಾದ್ದರಿಂದ ತಂದೆ ಉಡುಪಿಯ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆಗೆ ಸಹಿ ಹಾಕಬೇಕು.

"ಯಜಮಾನ ನಾನು. ನಾನು ಹಾಕ್ತೇನೆ," ಎಂದೆ.

"ನಿಮ್ಮದು ಆಗುವುದಿಲ್ಲ ಮಾಸ್ಟ್ರೇ. ತಂದೆಯದ್ದೇ ಬೇಕಂತೆ. ತಂದೆ ಸತ್ತಿದ್ದರೆ, ಇಲ್ಲವೇ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೆ ತಾಯಿ. ತಾಯಿಯದ್ದೂ ಅದೇ ಸ್ಥಿತಿ ಆದರೆ ಮಾತ್ರ ನೀವು."

ಅಂದರೆ ನನ್ನ ಯಜಮಾನಿಕೆ ನಡೆಯಬೇಕಾದರೆ ಭಾವ ಸಾಯಬೇಕು, ಅಕ್ಕನಿಗೆ ಹುಚ್ಚು ಹಿಡಿಯಬೇಕು. ಗುಡ್ಡ ಇಳಿಯುವಾಗ ನನಗಾದ ಅವಮಾನವನ್ನು ಇಲ್ಲಿ ವಿವರಿಸಲಾರೆ. ಸುಮತಿಗೆ ಅಕ್ಷರ ಕಲಿಸಿದವನು ನಾನು, ವಿಷಮಶೀತ ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ನಾನು. ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿ, "ಭಾವನಿಗೆ ಹುಚ್ಚು ಎಂದು ಬರೆಯಲಿಕ್ಕೆ ಆಗ್ತದಾ?" ಎಂದು ಬೇಸರದಲ್ಲಿ ಕೇಳಿದೆ.

ಅಕ್ಕ ಮೀನು ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ. "ಹುಚ್ಚು ನಿನಗೆ ಮಾರಾಯ. ಅವರನ್ನು ಕೇಳಿದರೆ ನಿನ್ನ ಗಂಟು ಎಂತ ಹೋಗ್ತದೆ?"

ಶನಿವಾರ ನಾನು ಹೆಜಮಾಡಿಗೆ ಹೋಗಲಿಲ್ಲ. ಬಸ್ಸಿನಿಂದ ಇಳಿದ ಭಾವ ನನ್ನನ್ನು ಕಂಡು "ಹೊರಟಿರಾ?" ಎಂದರು. "ಇಲ್ಲ, ನಿಮಗಾಗಿ ನಿಂತದ್ದು," ಎಂದಾಗ ಅವರ ಮುಖ ಬಿಳಿಚಿಕೊಂಡಿತು. ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅವರು ಭಾವಿಸಿದ್ದರು. ಚಾವಡಿಯಲ್ಲಿ ಕೂರಿಸಿ ಕಾಯಿದೆಯನ್ನು ಓದಿ ಹೇಳಿದೆ. ಅವರು ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೇಳಿದರು.

"ನನ್ನ ಒಪ್ಪಿಗೆಯಾ?"

"ಹೌದು. ಹುಡುಗನ ವಿಷಯ ನಾನು ಎಲ್ಲ ವಿಚಾರಿಸಿದ್ದೇನೆ, ಹೆದರಬೇಡಿ."

"ಆ ಹುಡುಗ ನನ್ನ ಅಂಗಡಿಯ ಬಳಪದಲ್ಲೇ ಬರೆದು ದೊಡ್ಡವನಾದದ್ದು ಭಾವ. ಅವನು ಒಳ್ಳೆಯವನೇ," ಎಂದು ಅವರು ಮೆಲ್ಲಗೆ ಹೇಳಿದರು. "ಆದರೆ ನನ್ನನ್ನು ಕೇಳಿದ್ದಾರಲ್ಲ, ಅವಳನ್ನು ಕೇಳದೆ ನಾನು ಹೇಗೆ ಕೊಡುವುದು?"

ಈ ಪ್ರಶ್ನೆ ಕಾಯಿದೆಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲಿಯೂ ಇರಲಿಲ್ಲ. ಹಡಗಿನ ಟಿಕೆಟ್ಟಿಗೆ ಹುಡುಗನ ಚಿಕ್ಕಮ್ಮ ಬೊಂಬಾಯಿಗೆ ಬರೆದಾಗಿತ್ತು. ಇವಳು ಬೇಡ ಎಂದುಬಿಟ್ಟರೆ ಇವರು ಸಹಿ ಹಾಕುವುದಿಲ್ಲ, ಸಹಿ ಇಲ್ಲದೆ ಮದುವೆ ಇಲ್ಲ, ಮದುವೆ ಇಲ್ಲದೆ ಊರಿನಲ್ಲಿ ನನಗೆ ಮುಖವಿಲ್ಲ. ತಂದೆ ಮಗಳು ಇಬ್ಬರೂ ದೀಪಸ್ತಂಭದ ಕಡೆಗೆ ಕಡಲ ದಂಡೆಯಲ್ಲಿ ನಡೆದುಹೋದರು. ನಾನು ಚಾವಡಿಯಲ್ಲಿ ಕುಳಿತೆ, ಎದ್ದೆ, ಮತ್ತೆ ಕುಳಿತೆ. ನನ್ನ ಮನೆಯ ತೀರ್ಮಾನವೊಂದು ನನ್ನನ್ನು ಬಿಟ್ಟು ನಡೆಯುತ್ತಿರುವುದು ಅದೇ ಮೊದಲು.

ಕತ್ತಲಾಗುವ ಮೊದಲು ಹಿಂದೆ ಬಂದರು. ಸುಮತಿ ಅತ್ತಿದ್ದಳು ಎಂಬುದು ಗೊತ್ತಾಗುತ್ತಿತ್ತು. ಭಾವ ಹೇಳಿದರು, "ಆ ಫೋಟೋ ಒಮ್ಮೆ ಕೊಡ್ತೀರಾ? ಅವಳು ಹುಡುಗನ ಮುಖವನ್ನೇ ನೋಡಿಲ್ಲವಂತೆ."

"ನಾನು ನೋಡಿದ್ದೇನಲ್ಲ," ಎಂದು ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡು ಪೆಟ್ಟಿಗೆ ತೆರೆದೆ. ಅವಳು ಫೋಟೋವನ್ನು ದೀಪದ ಬಳಿಗೆ ಒಯ್ದು ಬಹಳ ಹೊತ್ತು ನೋಡಿದಳು.

"ಇವರು ನನ್ನ ಫೋಟೋ ನೋಡಿದ್ದಾರಾ ಮಾವ?"

"ಯಾವಾಗಲೋ ಕಳಿಸಿದ್ದೇನೆ."

"ಹಾಗಾದರೆ ನನಗೂ ಒಪ್ಪಿಗೆ ಉಂಟು," ಎಂದಳು. ಅಷ್ಟು ದೂರ ಹೋಗುವ ಹೆದರಿಕೆಗೆ ಅತ್ತದ್ದಂತೆ. ಅದನ್ನು ಅವಳು ನನ್ನೊಡನೆ ಎಂದೂ ಹೇಳಿರಲಿಲ್ಲ.

ಉಡುಪಿಯ ಕೋರ್ಟಿಗೆ ಭಾವ ಇಸ್ತ್ರಿ ಹಾಕಿದ ಕೋಟು ತೊಟ್ಟು ಬಂದರು. ಆ ಕೋಟನ್ನು ಅವರ ಮದುವೆಯ ದಿನ ನೋಡಿದ್ದೆ, ಮತ್ತೆ ನೋಡಿರಲಿಲ್ಲ. ಇವರೇ ತಂದೆ ಎಂದು ಗುರುತಿಸಲು ಒಬ್ಬ ಸಾಕ್ಷಿ ಬೇಕಾಗಿತ್ತು. ಕಾಪುವಿನ ಮನೆಯ ಯಜಮಾನನಾದ ನಾನು ಮುಂದೆ ಬಂದು, ಇವರು ಇವರೇ ಹೌದು ಎಂದು ಹೇಳಿ, ಅವರ ಸಹಿಯ ಕೆಳಗೆ ಸಣ್ಣ ಜಾಗದಲ್ಲಿ ಸಹಿ ಹಾಕಿದೆ. ಸ್ವಂತ ಇಚ್ಛೆಯಿಂದ ಒಪ್ಪಿಗೆ ಕೊಡುತ್ತಿದ್ದೀರಾ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ ಭಾವ ಕೋಟಿನ ಗುಂಡಿ ಸರಿಮಾಡಿಕೊಂಡು ಎರಡೆರಡು ಸಲ ಹೌದು ಎಂದರು. ಹೊರಗೆ ಬಂದು ಕಾಫಿ ಕುಡಿಯುವಾಗ, "ದೊಡ್ಡ ಸರ್ಕಾರ ಭಾವ ಅದು," ಎಂದರು. "ಎಷ್ಟು ದೂರದಿಂದ ನನ್ನನ್ನು ಹುಡುಕಿ ಕೇಳಿತು, ಅಲ್ವಾ?" ನನಗೆ ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾವುದು ಹೆಚ್ಚು ಎಂದು ಆಗ ತಿಳಿಯಲಿಲ್ಲ.

ತಿಳಿದದ್ದು ಕೆಲವು ವರ್ಷಗಳ ನಂತರ, ಹೆಜಮಾಡಿಯಲ್ಲಿ. ಒಂದು ಶನಿವಾರ ಖರ್ಜೂರದ ಪೊಟ್ಟಣದೊಂದಿಗೆ ಹೋದಾಗ ನನ್ನ ಹೆಂಡತಿಯ ಅಣ್ಣ, ಆ ಮನೆಯ ಯಜಮಾನ, ಎಲೆಅಡಿಕೆಯ ತಟ್ಟೆ ಮುಂದೆ ತಳ್ಳಿ, "ಲಲಿತೆಯ ಮದುವೆ ನಿಶ್ಚಯ ಮಾಡಿಬಿಟ್ಟೆ," ಎಂದರು. ನನ್ನ ಅಂಗಿಯ ಜೇಬಿನಲ್ಲಿ ಪೆನ್ನು ಇತ್ತು, ಮಸಿಯೂ ತುಂಬಿತ್ತು.

"ಸಹಿ ಏನಾದರೂ ಬೇಕಾ?" ಎಂದು ಕೇಳಿದೆ.

"ನಿಮ್ಮದಾ? ಎಂತಕ್ಕೆ? ಹುಡುಗ ಇಲ್ಲೇ ನಂದಿಕೂರಿನವನಲ್ವಾ!"

ನಂದಿಕೂರಿನ ಹುಡುಗನಿಗೆ ತಂದೆಯ ಒಪ್ಪಿಗೆ ಬೇಕಾಗಿಲ್ಲ. ಎಲೆಗೆ ಸುಣ್ಣ ಹಚ್ಚುವಾಗ ನನಗೆ ಭಾವನ ಇಸ್ತ್ರಿ ಹಾಕಿದ ಕೋಟು ನೆನಪಾಗಿ ಕಣ್ಣು ಮಂಜಾಯಿತು. ಎದ್ದು, "ಲಲಿತೆ, ಸ್ವಲ್ಪ ಕಡಲ ಕಡೆಗೆ ಹೋಗಿ ಬರುವ," ಎಂದು ಕರೆದೆ.

"ಇದು ಎಂತ ಹೊಸ ಕ್ರಮ?" ಎಂದರು ಯಜಮಾನರು.

"ಆಫ್ರಿಕಾದ್ದು," ಎಂದೆ.

ಹೊರಟದ್ದೇನೋ ಹೌದು, ಆದರೆ ದಂಡೆ ಮುಟ್ಟಿದರೂ ನನ್ನ ಬಾಯಿ ತೆರೆಯಲಿಲ್ಲ. ಖರ್ಜೂರ ಕೊಟ್ಟು ಅಭ್ಯಾಸವಿತ್ತೇ ಹೊರತು ಕೇಳಿ ಅಭ್ಯಾಸವಿರಲಿಲ್ಲ. ಕೊನೆಗೆ ಅವಳೇ ನಿಂತು ಕೇಳಿದಳು.

"ಅಪ್ಪ, ಈ ಮದುವೆಗೆ ನಿಮಗೆ ಒಪ್ಪಿಗೆ ಉಂಟಾ?"

ನಾನು ಮುಖ ತಿರುಗಿಸಿ ಕೆಮ್ಮಿದೆ. ತಂದೆಯಾದವನು ಏನಾದರೂ ತೂಕದ ಮಾತು ಹೇಳಬೇಕಾಗಿತ್ತು. "ಹುಡುಗ ಹೇಗಿದ್ದಾನೆ? ಫೋಟೋ ಉಂಟಾ?" ಎಂದು ಕೇಳಿದೆ.

"ಉಂಟಂತೆ," ಎಂದಳು ಲಲಿತೆ. "ಮಾವನ ಪೆಟ್ಟಿಗೆಯಲ್ಲಿ. ಬೀಗ ಹಾಕಿದ್ದಾರೆ."